ಜೂನ್ ತಿಂಗಳ ಸರಕು ಡಿಸೆಂಬರ್‌ನಲ್ಲಿ ಮಾರಾಟ: ಪವರ್ ಬಿಐ ರಿಪೋರ್ಟಿನ ತಪ್ಪು ಹುಡುಕುವ ಬಗೆ

2024ರ ಜುಲೈ ಎರಡನೇ ವಾರ. ಹೊರಗೆ ಬಿಡದೆ ಮಳೆ. ಧಣಿಗಳ ಕ್ಯಾಬಿನ್ನಿನ ಟಿವಿಗೆ ಲ್ಯಾಪ್‌ಟಾಪ್ ಸಿಕ್ಕಿಸಿ ಜೂನ್ ತಿಂಗಳ ರಿಪೋರ್ಟ್ ಹಾಕಿದೆ. ನಮ್ಮದು ಮಂಗಳೂರು ಬಂದರಿನ ಕಡೆಯ ಸಗಟು ದಿನಸಿ ವ್ಯಾಪಾರ. ಮಂಗಳೂರು, ಉಡುಪಿ, ಕುಂದಾಪುರ, ಪುತ್ತೂರು ಅಂತ ನಾಲ್ಕು ಬ್ರಾಂಚ್. ಧಣಿಗಳು ಒಂದು ನಿಮಿಷ ಪರದೆ ನೋಡಿದರು, ಚಹಾ ಲೋಟ ಕೆಳಗಿಟ್ಟರು. "ಡಿಸೆಂಬರ್‌ನಲ್ಲಿ ಇದೆಂಥದು ಮಾರಾಯ್ರೆ? ಇನ್ನೂ ಆಟಿಯೇ ಬರ್ಲಿಲ್ಲ!"

ಹೌದು. ಉಡುಪಿ ಬ್ರಾಂಚಿಗೆ ಆಗಸ್ಟ್, ಸೆಪ್ಟೆಂಬರ್, ಡಿಸೆಂಬರ್‌ವರೆಗೂ ಪುಟ್ಟ ಪುಟ್ಟ ಬಾರ್‌ಗಳು ಎದ್ದು ನಿಂತಿದ್ದವು. ಜೂನ್‌ನಲ್ಲಿ ಮಾತ್ರ ಒಂದೇ ದಿನದ ವ್ಯಾಪಾರ. ನಾನು ಮಾಡಿದ್ದು ಎಲ್ಲರೂ ಮಾಡುವ ಕೆಲಸವನ್ನೇ. ಫಿಲ್ಟರ್ ತೆಗೆದೆ, ಮತ್ತೆ ಹಾಕಿದೆ. ಬಾರ್ ಚಾರ್ಟನ್ನು ಲೈನ್ ಚಾರ್ಟ್ ಮಾಡಿದೆ. ರಿಫ್ರೆಶ್ ಒತ್ತಿದೆ, ಸುಮ್ನೆ ಇನ್ನೊಮ್ಮೆ ಒತ್ತಿದೆ. ಅರ್ಧ ಗಂಟೆ ಹೋಯಿತು, ಡಿಸೆಂಬರ್ ಅಲ್ಲೇ ಇತ್ತು.

ಚಾರ್ಟ್ ತನಗೆ ಕೊಟ್ಟದ್ದನ್ನು ಬಿಡಿಸುತ್ತದೆ, ಅಷ್ಟೇ. ತಪ್ಪು ಹೆಚ್ಚಾಗಿ ಇರುವುದು ಅದರ ಹಿಂದಿನ ಅಡುಗೆಮನೆಯಲ್ಲಿ, ಅಂದರೆ ಡೇಟಾ ಸ್ವಚ್ಛ ಮಾಡುವ ಪವರ್ ಕ್ವೆರಿಯಲ್ಲಿ. ಅಲ್ಲಿ ಇಲ್ಲದಿದ್ದರೆ, ಅಡುಗೆಮನೆಯಿಂದ ಎಲೆಗೆ ಬಡಿಸುವ ಆ ನಡುವಿನ ದಾರಿಯಲ್ಲಿ. ನಾವು ಬಳಸುವುದು ಪವರ್ ಕ್ವೆರಿ ಮತ್ತು ಅದರ ಡೇಟಾದಿಂದ ಚಾರ್ಟ್, ರಿಪೋರ್ಟ್ ಮಾಡುವ ಪವರ್ ಬಿಐ. ಎಕ್ಸೆಲ್ ಮಾತ್ರ ಇದ್ದವರಿಗೂ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಹೊಂದುತ್ತದೆ, ಯಾಕೆಂದರೆ ಎಕ್ಸೆಲ್ 2016ರಿಂದ ಇದೇ ಪವರ್ ಕ್ವೆರಿ ಅದರ ಡೇಟಾ ಟ್ಯಾಬಿನಲ್ಲೇ ಕೂತಿದೆ.

ಒಂದೇ ಒಂದು ಬಿಲ್ ಹಿಡಿಯಿರಿ

ಮೊತ್ತ ನೋಡಿಕೊಂಡು ತಪ್ಪು ಹುಡುಕಲು ಹೋಗಬೇಡಿ. ಮೊತ್ತದೊಳಗೆ ನಾಲ್ಕು ಸಾವಿರ ಬಿಲ್ ಇರುತ್ತದೆ. ಒಂದು ಬ್ರಾಂಚ್, ಒಂದು ದಿನ, ಒಂದು ಬಿಲ್ ಆರಿಸಿಕೊಳ್ಳಿ. ಕಾಗದದ ಬಿಲ್ ಕೈಯಲ್ಲಿದ್ದರೆ ಇನ್ನೂ ಒಳ್ಳೆಯದು. ನಾನು ಹಿಡಿದದ್ದು ಉಡುಪಿಯ ಜೂನ್ 5ರ ಬಿಲ್ ನಂಬರ್ 1187, ಮೊತ್ತ 18,450 ರೂಪಾಯಿ.

ಮೊದಲ ನಿಲ್ದಾಣ ಮೂಲ ಫೈಲ್. ಅದು ಸಿಎಸ್‌ವಿ (ಅಲ್ಪವಿರಾಮ ಹಾಕಿ ಬಿಡಿಸಿದ ಬರೀ ಅಕ್ಷರದ ಫೈಲ್) ಆಗಿದ್ದರೆ ದಯವಿಟ್ಟು ಎಕ್ಸೆಲ್‌ನಲ್ಲಿ ತೆರೆಯಬೇಡಿ, ನೋಟ್‌ಪ್ಯಾಡ್‌ನಲ್ಲಿ ತೆರೆಯಿರಿ. ಎಕ್ಸೆಲ್ ತೆರೆಯುವಾಗಲೇ ತಾರೀಕನ್ನು ತನಗೆ ತೋಚಿದ ಹಾಗೆ ತಿರುಗಿಸುತ್ತದೆ, ಸಂಖ್ಯೆಯ ಮೊದಲಿನ ಸೊನ್ನೆ ನುಂಗುತ್ತದೆ, ಮತ್ತೆ ನೀವು ನೋಡುವುದು ಮೂಲವಲ್ಲ, ಎಕ್ಸೆಲ್ ಹೇಳುವ ಕಥೆ. ನೋಟ್‌ಪ್ಯಾಡ್‌ನಲ್ಲಿ 1187ರ ಎದುರು 05/06/2024 ಎಂದಿತ್ತು. ಸರಿಯಾಗಿಯೇ ಇದೆ.

ಎರಡನೇ ನಿಲ್ದಾಣ ಪವರ್ ಕ್ವೆರಿಯ ಬಲಗಡೆ ಇರುವ ಅಪ್ಲೈಡ್ ಸ್ಟೆಪ್ಸ್ ಪಟ್ಟಿ, ಅಂದರೆ ಡೇಟಾಕ್ಕೆ ಒಂದೊಂದಾಗಿ ಮಾಡಿದ ಕೆಲಸಗಳ ಸಾಲು. ಬಿಲ್ ನಂಬರ್ ನೆನಪಿಟ್ಟುಕೊಂಡು ಮೇಲಿನಿಂದ ಒಂದೊಂದೇ ಸ್ಟೆಪ್ ಮೇಲೆ ಕ್ಲಿಕ್ ಮಾಡುತ್ತಾ ಬನ್ನಿ. ಸ್ಟೆಪ್ ಜಾಸ್ತಿ ಇದ್ದರೆ ಸರಿ ನಡುವಿನದಕ್ಕೆ ಹೋಗಿ. ಅಲ್ಲಿ ಬಿಲ್ ಸರಿ ಇದ್ದರೆ ತಪ್ಪು ಕೆಳಗಿನ ಅರ್ಧದಲ್ಲಿ, ಇಲ್ಲದಿದ್ದರೆ ಮೇಲಿನ ಅರ್ಧದಲ್ಲಿ. ತೋಟದ ಪೈಪ್‌ಲೈನ್‌ನಲ್ಲಿ ನೀರು ಎಲ್ಲಿ ನಿಂತಿತು ಅಂತ ನಡುವಿನ ಜಾಯಿಂಟ್ ಬಿಚ್ಚಿ ನೋಡುತ್ತೇವಲ್ಲ, ಹಾಗೆಯೇ. 30 ಸ್ಟೆಪ್ ಇದ್ದರೂ ಐದು ಸಲ ಅರ್ಧ ಮಾಡಿದರೆ ಜಾಗ ಸಿಗುತ್ತದೆ.

ನನಗೆ ಎರಡನೇ ಕ್ಲಿಕ್ಕಿಗೇ ಸಿಕ್ಕಿತು. ಸೋರ್ಸ್ ಸ್ಟೆಪ್‌ನಲ್ಲಿ 05/06/2024. ಅದರ ಕೆಳಗಿನ ಚೇಂಜ್ಡ್ ಟೈಪ್ ಸ್ಟೆಪ್‌ನಲ್ಲಿ ಮೇ 6. ಆ ಸ್ಟೆಪ್ ನಾನು ಹಾಕಿದ್ದಲ್ಲ. ಪವರ್ ಕ್ವೆರಿ ಫೈಲಿನ ಮೊದಲ 200 ಸಾಲು ನೋಡಿ, ಇದು ಸಂಖ್ಯೆ, ಇದು ತಾರೀಕು ಅಂತ ತಾನೇ ತೀರ್ಮಾನಿಸಿ ಹಾಕಿಕೊಂಡದ್ದು.

ತಾರೀಕು ಮಗುಚಿದಾಗ

ಈ ರಿಪೋರ್ಟ್ ಫೈಲ್ ಮೊದಲು ತಯಾರಾದ ಲ್ಯಾಪ್‌ಟಾಪ್‌ನಲ್ಲಿ ರೀಜನ್ ಅಮೆರಿಕಾ ಎಂದಿತ್ತು. ಅಲ್ಲಿ ತಿಂಗಳು ಮೊದಲು, ದಿನ ಆಮೇಲೆ. ಉಳಿದ ಮೂರು ಬ್ರಾಂಚಿನವರು ಎಕ್ಸೆಲ್ ಫೈಲ್ ಕಳಿಸುತ್ತಾರೆ. ಅದರಲ್ಲಿ ತಾರೀಕು ನಿಜವಾದ ತಾರೀಕಾಗಿಯೇ ಬರುವುದರಿಂದ ತೊಂದರೆ ಇಲ್ಲ. ಉಡುಪಿಯಲ್ಲಿ ಜೂನ್ 1ರಿಂದ ಹೊಸ ಬಿಲ್ಲಿಂಗ್ ಸಾಫ್ಟ್‌ವೇರ್. ಅದು ಸಿಎಸ್‌ವಿ ಕೊಡುತ್ತದೆ, ಸಿಎಸ್‌ವಿಯಲ್ಲಿ ತಾರೀಕು ಬರೀ ಅಕ್ಷರ.

ಆಗ ಏನಾಗುತ್ತದೆ ನೋಡಿ. 01/06 ಜನವರಿ 6 ಆಗುತ್ತದೆ. 02/06 ಫೆಬ್ರವರಿ 6. ಹೀಗೆ 12/06 ಹೋಗಿ ಡಿಸೆಂಬರ್ 6ರಲ್ಲಿ ಕೂರುತ್ತದೆ. ಧಣಿಗಳು ನೋಡಿದ್ದು ಇದನ್ನೇ. ತನ್ನ ಜಾಗದಲ್ಲಿ ಉಳಿಯುವುದು ಜೂನ್ 6 ಒಂದೇ, ಅದನ್ನು ಹೇಗೆ ಓದಿದರೂ 06/06. ಇನ್ನು 13ರಿಂದ 30ರವರೆಗಿನ 18 ದಿನ? ಹದಿಮೂರನೇ ತಿಂಗಳು ಅಂತ ಇಲ್ಲವಲ್ಲ, ಅವೆಲ್ಲ ಎರರ್.

ಆದರೆ ಎರರ್ ಯಾಕೆ ಕಣ್ಣಿಗೆ ಬೀಳಲಿಲ್ಲ? ಕೆಳಗೆ ರಿಮೂವ್ಡ್ ಎರರ್ಸ್ ಅಂತ ಒಂದು ಸ್ಟೆಪ್ ಇತ್ತು. ಹಾಕಿದ್ದು ನಾನೇ, ಮಾರ್ಚ್‌ನಲ್ಲಿ, ಯಾವುದೋ ನಾಲ್ಕು ಸಾಲಿನ ಕಿರಿಕಿರಿ ತಪ್ಪಿಸಲು. 18 ದಿನದ ವ್ಯಾಪಾರವನ್ನು ಅದು ಸದ್ದಿಲ್ಲದೆ ಗುಡಿಸಿ ಹಾಕಿತ್ತು. ಅವತ್ತಿನಿಂದ ಆ ಬಟನ್ ಮುಟ್ಟುವುದು ಬಿಟ್ಟೆ. ಎರರ್ ಸಾಲು ಬೇಡವೆಂದಾದರೆ ಮೊದಲು ಅದೇ ಕ್ವೆರಿಗೆ ರೆಫರೆನ್ಸ್ ಮಾಡಿ (ಅದರ ಫಲಿತಾಂಶದಿಂದ ಶುರುವಾಗುವ ಹೊಸ ಕ್ವೆರಿ), ಅಲ್ಲಿ ಕೀಪ್ ಎರರ್ಸ್ ಕೊಟ್ಟು, ಎಷ್ಟು ಸಾಲು, ಯಾಕೆ ಅಂತ ನೋಡಿ. ಅಳಿಸುವ ಮಾತು ಆಮೇಲೆ.

ರಿಪೇರಿ ಹೀಗೆ. ತಾನಾಗಿ ಬಂದ ಚೇಂಜ್ಡ್ ಟೈಪ್ ಸ್ಟೆಪ್ ಅಳಿಸಿ. ತಾರೀಕಿನ ಕಾಲಂ ಮೇಲೆ ರೈಟ್ ಕ್ಲಿಕ್, ಚೇಂಜ್ ಟೈಪ್, ಕೊನೆಯಲ್ಲಿರುವ ಯೂಸಿಂಗ್ ಲೊಕೇಲ್. ಟೈಪ್ ಡೇಟ್ ಅಂತ, ಲೊಕೇಲ್ ಇಂಗ್ಲಿಷ್ ಇಂಡಿಯಾ ಅಂತ ಆರಿಸಿ. ಹಳೆಯ ಸ್ಟೆಪ್ ಅಳಿಸದೆಯೇ ಟೈಪ್ ಬದಲಿಸಲು ಹೋದರೆ ಇದ್ದದ್ದನ್ನು ಬದಲಿಸಬೇಕಾ, ಹೊಸದಾಗಿ ಸೇರಿಸಬೇಕಾ ಅಂತ ಕೇಳುವುದುಂಟು. ಹೊಸದು ಸೇರಿಸಿದರೆ ಪ್ರಯೋಜನ ಇಲ್ಲ, ಯಾಕೆಂದರೆ ಅಷ್ಟರಲ್ಲಿ ಮೇಲಿನ ಸ್ಟೆಪ್ ಜೂನ್ 5ನ್ನು ಮೇ 6 ಮಾಡಿಯಾಗಿದೆ. ಮೇ 6ಕ್ಕೆ ಇಂಡಿಯಾದ ಅಂಗಿ ಹಾಕಿದರೂ ಅದು ಮೇ 6ಯೇ. ಇದು ಮುಂದೆ ಆಗಬಾರದು ಅಂತಿದ್ದರೆ ಆಪ್ಷನ್ಸ್‌ನಲ್ಲಿ ಕರೆಂಟ್ ಫೈಲ್ ಕೆಳಗೆ ರೀಜನಲ್ ಸೆಟ್ಟಿಂಗ್ಸ್ ಬದಲಿಸಿ. ಡೇಟಾ ಲೋಡ್ ಕೆಳಗೆ ಟೈಪ್ ಡಿಟೆಕ್ಷನ್ ಆಫ್ ಮಾಡಿ. ಪ್ರತಿ ಕಾಲಂಗೆ ಟೈಪ್ ಕೈಯಾರೆ ಕೊಡುವುದು ಐದು ನಿಮಿಷದ ಬೇಸರ, ಅಷ್ಟೇ.

ವ್ಯತ್ಯಾಸ ಎಷ್ಟು ಅಂತ ಮೊದಲು ಲೆಕ್ಕ ಹಾಕಿ

ನಮ್ಮಲ್ಲಿ ಹಳೆಯ ಅಕೌಂಟೆಂಟ್ ಒಬ್ಬರಿದ್ದಾರೆ, ಎಲ್ಲರೂ ಅಣ್ಣ ಅಂತಲೇ ಕರೆಯುವುದು. ಪವರ್ ಬಿಐ ತೆರೆದು ನೋಡಿದವರಲ್ಲ. ಆದರೆ ನನ್ನ ರಿಪೋರ್ಟಿನಲ್ಲಿ ತಪ್ಪಿದೆ ಅಂದರೆ ಅವರು ಮೊದಲು ಕೇಳುವುದು "ಎಷ್ಟು ಹೆಚ್ಚುಕಮ್ಮಿ ಬಂತು?" ಅಂತ. ಕೈಯಲ್ಲಿ ಲೆಡ್ಜರ್ ಬರೆಯುವ ಕಾಲದ ಪಾಠ ಅದು. ವ್ಯತ್ಯಾಸ 9ರಿಂದ ಭಾಗವಾದರೆ ಎರಡು ಅಂಕಿ ಅದಲುಬದಲಾಗಿರಬಹುದು, 5,480 ಹೋಗಿ 5,840 ಆದ ಹಾಗೆ. ವ್ಯತ್ಯಾಸದ ಅರ್ಧದಷ್ಟು ಮೊತ್ತದ ಎಂಟ್ರಿ ಸಿಕ್ಕಿದರೆ ಅದು ಜಮೆಗೆ ಬದಲು ಖರ್ಚಿಗೆ ಬಿದ್ದಿರುತ್ತದೆ. ಈ ಬುದ್ಧಿ ಸಾಫ್ಟ್‌ವೇರಿಗೂ ಚೆನ್ನಾಗಿ ಹೊಂದುತ್ತದೆ.

ಮೊತ್ತ ಸರಿಯಾಗಿ ಎರಡು ಪಟ್ಟು ಬಂದಿದೆಯಾ? ಮೂಲ ಫೈಲಿನ ಕೊನೆಯ ಸಾಲಿನಲ್ಲಿ ಗ್ರ್ಯಾಂಡ್ ಟೋಟಲ್ ಇದೆ, ಅದೂ ಒಂದು ಬಿಲ್ ಅಂತ ಲೆಕ್ಕಕ್ಕೆ ಸೇರಿದೆ. ಮೂರು ಪಟ್ಟು ಬಂದಿದ್ದರೆ ಬ್ರಾಂಚ್ ಟೋಟಲ್‌ಗಳೂ ಜೊತೆಗೆ ಸೇರಿವೆ. ಬಿಲ್ ನಂಬರ್ ಖಾಲಿ ಇರುವ ಸಾಲು ತೆಗೆದರೆ ಮುಗಿಯಿತು. ಕೊನೆಯ ಒಂದು ಸಾಲು ಕತ್ತರಿಸುವ ರಿಮೂವ್ ಬಾಟಮ್ ರೋಸ್ ನನಗೆ ಹಿಡಿಸುವುದಿಲ್ಲ. ಒಂದು ದಿನ ಟೋಟಲ್ ಇಲ್ಲದ ಫೈಲ್ ಬಂದರೆ ನಿಜವಾದ ಬಿಲ್ಲೇ ಹೋಗುತ್ತದೆ.

ವ್ಯತ್ಯಾಸ ಒಬ್ಬ ಗಿರಾಕಿಯ ತಿಂಗಳ ಖರೀದಿಗೆ ಸರಿಯಾಗಿ ಹೊಂದುತ್ತದೆಯಾ? ನಮಗೆ ಒಮ್ಮೆ 62,300 ರೂಪಾಯಿ ಜಾಸ್ತಿ ಬಂತು. ಗಿರಾಕಿ ಪ್ರಕಾರ ಮೊತ್ತ ಹಾಕಿ ನೋಡಿದಾಗ ಒಂದು ಹೋಟೆಲಿನವರ ಆ ತಿಂಗಳ ಖರೀದಿಯೂ 62,300 ಅಂತ ಕಾಗದದಲ್ಲಿ ಇತ್ತು, ರಿಪೋರ್ಟಿನಲ್ಲಿ ಮಾತ್ರ ಅದರ ಎರಡರಷ್ಟು. ಗಿರಾಕಿಗಳ ಮಾಸ್ಟರ್ ಪಟ್ಟಿಯಲ್ಲಿ ಅವರ ಕೋಡ್ ಎರಡು ಸಲ ಇತ್ತು, ಒಂದರ ಎದುರು ಮ್ಯಾಂಗಲೋರ್, ಇನ್ನೊಂದರ ಎದುರು ಮಂಗಳೂರು. ಊರಿನ ಹೆಸರು 2014ರ ನವೆಂಬರ್ 1ಕ್ಕೇ ಬದಲಾಗಿದೆ, ನಮ್ಮ ಮಾಸ್ಟರ್‌ಗೆ ಇನ್ನೂ ಪೂರ್ತಿ ಗೊತ್ತಿಲ್ಲ. ಬಿಲ್ ಪಟ್ಟಿಗೆ ಮಾಸ್ಟರನ್ನು ಕೋಡ್ ನೋಡಿ ಜೋಡಿಸಿದಾಗ, ಅಂದರೆ ಮರ್ಜ್ ಮಾಡಿದಾಗ, ಆ ಗಿರಾಕಿಯ ಪ್ರತಿ ಬಿಲ್ಲೂ ಎರಡಾಯಿತು. ಮರ್ಜ್ ಮಾಡುವ ಮೊದಲು ಎಷ್ಟು ಸಾಲು, ಎಕ್ಸ್‌ಪ್ಯಾಂಡ್ ಮಾಡಿದ ಮೇಲೆ ಎಷ್ಟು ಸಾಲು, ಎಣಿಸಿ ನೋಡಿ. ಬಿಲ್ ಪಟ್ಟಿಗೆ ಗಿರಾಕಿಯ ವಿವರ ಸೇರಿಸಿದಾಗ ಸಾಲು ಹೆಚ್ಚಾಗಲೇಬಾರದು.

ರಿಟರ್ನ್ ಮೊತ್ತದಷ್ಟೇ ಕಡಿಮೆ ಬಂದಿದ್ದರೆ? ಇದು ಎರಡು ಟೂಲ್ ಜೊತೆಗಿಟ್ಟುಕೊಂಡವರ ಖಾಸಾ ಕಾಯಿಲೆ. 1,00,000 ರೂಪಾಯಿ ಮಾರಾಟ, 4,000 ರೂಪಾಯಿ ಸರಕು ವಾಪಸ್ ಬಂದಿದೆ ಅಂತಿಟ್ಟುಕೊಳ್ಳಿ. ವಾಪಸ್ ಬಂದದ್ದು ಫೈಲಿನಲ್ಲಿ ಮೈನಸ್ ಆಗಿಯೇ ಇದೆ, ಕೂಡಿಸಿದರೆ 96,000. ಅದು ಗೊತ್ತಿಲ್ಲದ ನನ್ನ ಜೊತೆಯವರು ಪವರ್ ಬಿಐಯ ಲೆಕ್ಕದ ಫಾರ್ಮುಲಾ ಆದ ಮೆಷರ್‌ನಲ್ಲಿ ರಿಟರ್ನ್ ಮತ್ತೊಮ್ಮೆ ಕಳೆದರು, 92,000 ಬಂತು. ಅವರ ಫಾರ್ಮುಲಾದಲ್ಲಿ ತಪ್ಪಿಲ್ಲ. ನನ್ನ ಕ್ವೆರಿಯಲ್ಲೂ ತಪ್ಪಿಲ್ಲ. ಒಂದೇ ಕೆಲಸ ಎರಡು ಕಡೆ ಆಗಿದೆ, ಅಷ್ಟೇ. ಈಗ ನಮ್ಮಲ್ಲಿ ಒಂದು ಒಪ್ಪಂದ ಉಂಟು. ಸಾಲಿಗೆ ಸಾಲು ಮಾಡುವ ಕೆಲಸ, ಅಂದರೆ ಹೆಸರು ಸರಿಪಡಿಸುವುದು, ತಾರೀಕು, ಚಿಹ್ನೆ, ಡಿಸ್ಕೌಂಟ್, ಎಲ್ಲ ಪವರ್ ಕ್ವೆರಿಯಲ್ಲಿ. ಒಟ್ಟು, ಸರಾಸರಿ, ಶೇಕಡಾ, ಕಳೆದ ವರ್ಷದ ಹೋಲಿಕೆ, ಇವೆಲ್ಲ ಮೆಷರ್‌ನಲ್ಲಿ. ಶೇಕಡಾವನ್ನು ಪವರ್ ಕ್ವೆರಿಯಲ್ಲೇ ಸಾಲಿಗೊಂದು ಮಾಡಿಟ್ಟು ಚಾರ್ಟಿನಲ್ಲಿ ಅದರ ಸರಾಸರಿ ತೆಗೆದರೆ 50 ಕಿಲೋ ಗೋಡಂಬಿಗೂ ಅರ್ಧ ಕಿಲೋ ಏಲಕ್ಕಿಗೂ ಒಂದೇ ತೂಕ ಬೀಳುತ್ತದೆ.

ಡೂಪ್ಲಿಕೇಟ್ ತೆಗೆದರೂ ಡೂಪ್ಲಿಕೇಟ್ ಇದೆ ಅನ್ನುತ್ತದೆ

ಇದು ನನ್ನ ಎರಡು ರಾತ್ರಿ ತಿಂದ ತೊಂದರೆ. ಪವರ್ ಕ್ವೆರಿಯಲ್ಲಿ ಮಾಸ್ಟರ್ ಪಟ್ಟಿಯ ಡೂಪ್ಲಿಕೇಟ್ ತೆಗೆದಿದ್ದೇನೆ, ಎಣಿಸಿದ್ದೇನೆ, ಎಲ್ಲ ಒಂದೊಂದೇ. ಲೋಡ್ ಮಾಡಿದರೆ ಟೇಬಲ್‌ಗಳನ್ನು ಒಂದಕ್ಕೊಂದು ಜೋಡಿಸಿಡುವ ಪವರ್ ಬಿಐ ಮಾಡೆಲ್ ಮಾತ್ರ ಈ ಕಾಲಂನಲ್ಲಿ ಡೂಪ್ಲಿಕೇಟ್ ಇದೆ, ಸಂಬಂಧ ಕಟ್ಟಲಾಗದು ಅನ್ನುತ್ತದೆ. ಯಾರನ್ನು ನಂಬುವುದು?

ಇಬ್ಬರನ್ನೂ. ಪವರ್ ಕ್ವೆರಿಗೆ ಇಂಗ್ಲಿಷಿನ ದೊಡ್ಡ ಅಕ್ಷರ, ಸಣ್ಣ ಅಕ್ಷರ ಬೇರೆ ಬೇರೆ. ಮಾಡೆಲ್ ಇಂಜಿನ್‌ಗೆ ಎರಡೂ ಒಂದೇ. ಉಡುಪಿ ಅಂತ ಇಂಗ್ಲಿಷಿನಲ್ಲಿ ಪೂರ್ತಿ ದೊಡ್ಡ ಅಕ್ಷರದಲ್ಲಿ ಬರೆದದ್ದು ಮತ್ತು ಪೂರ್ತಿ ಸಣ್ಣ ಅಕ್ಷರದಲ್ಲಿ ಬರೆದದ್ದು ಕ್ವೆರಿಯಲ್ಲಿ ಎರಡು ಊರು, ಮಾಡೆಲ್‌ಗೆ ಹೋದ ಮೇಲೆ ಒಂದೇ ಊರು. ಪದದ ಕೊನೆಯ ಖಾಲಿ ಜಾಗದ ಕಥೆಯೂ ಅದೇ. ಮಾಡೆಲ್ ಅದನ್ನು ತಾನಾಗಿ ತೆಗೆಯುತ್ತದೆ, ಪವರ್ ಕ್ವೆರಿ ಉಳಿಸಿಕೊಳ್ಳುತ್ತದೆ. ಹಾಗಾಗಿ ಕೋಡ್ ಕಾಲಂಗೆ ಮೊದಲು ಟ್ರಿಮ್, ಆಮೇಲೆ ಅಪ್ಪರ್‌ಕೇಸ್, ಆಮೇಲೆ ರಿಮೂವ್ ಡೂಪ್ಲಿಕೇಟ್ಸ್. ಈ ವರಸೆ ತಪ್ಪಿಸಬೇಡಿ. ಎಕ್ಸೆಲ್‌ನ ಟ್ರಿಮ್ ಪದಗಳ ನಡುವೆ ಎರಡು ಸ್ಪೇಸ್ ಇದ್ದರೆ ಒಂದು ಮಾಡುತ್ತದೆ, ಪವರ್ ಕ್ವೆರಿಯ ಟ್ರಿಮ್ ಹಿಂದೆ ಮುಂದೆ ಮಾತ್ರ ನೋಡುತ್ತದೆ. ನಡುವಿನದನ್ನು ರಿಪ್ಲೇಸ್ ವ್ಯಾಲ್ಯೂಸ್‌ನಿಂದ ತೆಗೆಯಬೇಕು.

ಇನ್ನೊಂದು ಹೊಂಡ. ಹೊಸ ವಿಳಾಸ ಮೇಲೆ ಬರುವ ಹಾಗೆ ಸಾರ್ಟ್ ಮಾಡಿ ಡೂಪ್ಲಿಕೇಟ್ ತೆಗೆದರೆ ಹೊಸದೇ ಉಳಿಯುತ್ತದೆ ಅಂತ ಅನಿಸುತ್ತದೆ. ಖಾತ್ರಿ ಇಲ್ಲ. ಪವರ್ ಕ್ವೆರಿ ಸಾರ್ಟ್ ಆದ ಕ್ರಮವನ್ನು ಮುಂದಿನ ಸ್ಟೆಪ್‌ನಲ್ಲಿ ಪಾಲಿಸಲೇಬೇಕು ಅಂತೇನಿಲ್ಲ. ಸಾರ್ಟ್ ಸ್ಟೆಪ್‌ಗೆ ಸಾಲುಗಳನ್ನು ಮೆಮೊರಿಯಲ್ಲಿ ಹಿಡಿದಿಡುವ ಟೇಬಲ್ ಬಫರ್ ಫಂಕ್ಷನ್ ಸುತ್ತಿದರೆ ಕ್ರಮ ನಿಲ್ಲುತ್ತದೆ.

ಕನ್ನಡದ ಹೆಸರುಗಳಲ್ಲಿ ದೊಡ್ಡ ಸಣ್ಣ ಅಕ್ಷರದ ಜಂಜಾಟ ಇಲ್ಲ ಅಂತ ಖುಷಿಪಡಬೇಡಿ, ಅಲ್ಲಿ ಬೇರೆ ಭೂತ ಇದೆ. ಮಣಿಪಾಲ್ ಅಂತ ಎರಡು ಫೈಲಿನಲ್ಲಿದೆ, ಕಣ್ಣಿಗೆ ಒಂದೇ ಥರ, ಮರ್ಜ್ ಮಾತ್ರ ಆಗುವುದಿಲ್ಲ. ಟ್ರಿಮ್ ಮಾಡಿದರೂ ಇಲ್ಲ, ಕ್ಲೀನ್ ಕೊಟ್ಟರೂ ಇಲ್ಲ. ಒಂದು ಕಸ್ಟಮ್ ಕಾಲಂ ಹಾಕಿ ಉದ್ದ ಅಳೆಯಿರಿ. ಮ, ಣ, ಗುಡಿಸು, ಪ, ದೀರ್ಘ, ಲ, ಹಲಂತದ ಚಿಹ್ನೆ, ಒಟ್ಟು 7 ಬರಬೇಕು. ಒಂದರಲ್ಲಿ 7, ಇನ್ನೊಂದರಲ್ಲಿ 8 ಬಂದರೆ ಎಂಟನೆಯದು ಕಣ್ಣಿಗೆ ಕಾಣದ ಜೋಡಿನಿರೋಧಕ (ಅಕ್ಷರಗಳು ಒತ್ತಾಗಿ ಕೂಡದ ಹಾಗೆ ತಡೆಯುವ ಗುರುತು), ಯೂನಿಕೋಡ್‌ನಲ್ಲಿ 200ಸಿ. ಲ್ ಥರ ಅರ್ಧಾಕ್ಷರದಲ್ಲಿ ಪದ ಮುಗಿದಾಗ ಕೆಲವು ಕೀಬೋರ್ಡ್‌ಗಳು ಇದನ್ನು ಬಾಲಕ್ಕೆ ಸೇರಿಸಿಬಿಡುತ್ತವೆ. ರಿಪ್ಲೇಸ್ ವ್ಯಾಲ್ಯೂಸ್‌ನಲ್ಲಿ ಆ ಸಂಕೇತ ಹುಡುಕಿ ಖಾಲಿ ಮಾಡಿದರೆ ಎರಡೂ ಕೂಡುತ್ತವೆ. ಹೋಲಿಸುವ ಕಾಲಂನಲ್ಲಿ ಮಾತ್ರ ಮಾಡಿ, ತೋರಿಸುವ ಹೆಸರಿನಲ್ಲಿ ಬೇಡ, ಪದದ ನಡುವೆ ಅದು ಬೇಕಾಗುತ್ತದೆ. ಇನ್ನು ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿದ, ಯೂನಿಕೋಡ್ ಅಲ್ಲದ ಪಟ್ಟಿ ಬಂದರೆ ಅದನ್ನು ಮೊದಲು ಹೊರಗೇ ಪರಿವರ್ತಿಸಿ ತನ್ನಿ. ಪವರ್ ಕ್ವೆರಿಗೆ ಅದು ಬರೀ ಅರ್ಥವಿಲ್ಲದ ಇಂಗ್ಲಿಷ್ ಗುರುತುಗಳ ರಾಶಿ.

ಬ್ಲ್ಯಾಂಕ್ ಅಂತ ಒಂದು ಸಾಲು ಬಂದಿದೆ

ತಾಲೂಕು ಪ್ರಕಾರ ಮಾರಾಟದ ಪಟ್ಟಿಯಲ್ಲಿ ಹೆಸರಿಲ್ಲದ ಒಂದು ಸಾಲು, ಅದರ ಎದುರು ದೊಡ್ಡ ಮೊತ್ತ. ಬಿಲ್ಲಿನಲ್ಲಿ ಇರುವ ಹೆಸರು ಮಾಸ್ಟರ್‌ನಲ್ಲಿ ಇಲ್ಲ ಅಂತ ಅರ್ಥ. ಪವರ್ ಬಿಐ ಅನಾಥ ಸಾಲುಗಳನ್ನೆಲ್ಲ ಅಲ್ಲಿ ಗುಡ್ಡೆ ಹಾಕುತ್ತದೆ. ಫಿಲ್ಟರ್ ಹಾಕಿ ಅಡಗಿಸಲು ಹೋಗಬೇಡಿ, ವ್ಯಾಪಾರ ನಿಜವಾಗಿ ನಡೆದಿದೆ.

ನಮ್ಮ ತಾಲೂಕು ಮಾಸ್ಟರ್ ಯಾವ ಕಾಲದ್ದೋ. ಉಡುಪಿ ಜಿಲ್ಲೆ 1997ರಲ್ಲಿ ಆದಾಗ ಇದ್ದ ಉಡುಪಿ, ಕುಂದಾಪುರ, ಕಾರ್ಕಳ ಮೂರೇ ಅದರಲ್ಲಿದ್ದವು. ಬಿಲ್ಲಿಂಗ್ ಹುಡುಗರು ಬ್ರಹ್ಮಾವರ, ಕಾಪು, ಬೈಂದೂರು, ಹೆಬ್ರಿ ಅಂತ ಹೊಸ ತಾಲೂಕಿನ ಹೆಸರನ್ನೇ ಹಾಕುತ್ತಾರೆ, ಅದೇ ಸರಿ ಕೂಡ. ಇಂಥದ್ದನ್ನು ಹುಡುಕಲು ಮರ್ಜ್‌ನಲ್ಲಿ ಲೆಫ್ಟ್ ಆಂಟಿ ಅನ್ನುವ ಬಗೆ ಆರಿಸಿ. ಬಿಲ್ ಪಟ್ಟಿ ಮೇಲೆ, ಮಾಸ್ಟರ್ ಕೆಳಗೆ. ಜೊತೆ ಸಿಗದ ಬಿಲ್‌ಗಳು ಮಾತ್ರ ಉಳಿಯುತ್ತವೆ. ನಾನು ಇದನ್ನು ಬೇರೆ ಕ್ವೆರಿಯಾಗಿ ಖಾಯಂ ಇಟ್ಟಿದ್ದೇನೆ, ಅದು ಖಾಲಿ ಇದ್ದರೆ ನೆಮ್ಮದಿ. ಹೊಸ ಹೆಸರು ಮಾಸ್ಟರ್‌ಗೆ ಸೇರಿಸಿ, ಆದರೆ ಹಳೆಯ ವರ್ಷಗಳ ಜೊತೆ ಹೋಲಿಸಬೇಕಿದ್ದರೆ ಹಳೆಯ ತಾಲೂಕು ಅಂತ ಇನ್ನೊಂದು ಕಾಲಂ ಇಡಿ. ಇಲ್ಲದಿದ್ದರೆ ಕುಂದಾಪುರದ ವ್ಯಾಪಾರ ಬಿದ್ದುಹೋಯಿತು ಅಂತ ಮೀಟಿಂಗಿನಲ್ಲಿ ಯಾರಾದರೂ ಬೈಸಿಕೊಳ್ಳುತ್ತಾರೆ, ಹೋಗಿರುವುದು ಬೈಂದೂರಿನ ಹೆಸರಿಗೆ ಅಷ್ಟೇ.

ಬ್ಲ್ಯಾಂಕ್ ಬದಲು ಎಲ್ಲ ತಾಲೂಕಿಗೂ ಒಂದೇ ಮೊತ್ತ ಬಂದರೆ ಎರಡು ಟೇಬಲ್ ನಡುವೆ ಗೆರೆಯೇ ಇಲ್ಲ. ಮಾಡೆಲ್ ವ್ಯೂಗೆ ಹೋಗಿ ಗೆರೆ ಎಳೆಯಿರಿ. ಮ್ಯಾಪಿನಲ್ಲಿ ಪುತ್ತೂರಿನ ಚುಕ್ಕಿ ಆಂಧ್ರಕ್ಕೆ ಹೋಗಿದ್ದರೆ ಗಾಬರಿಯಾಗಬೇಡಿ, ಅಲ್ಲೂ ಒಂದು ಪುತ್ತೂರು ಇದೆ. ರಾಜ್ಯ, ಜಿಲ್ಲೆಯ ಕಾಲಂ ಜೊತೆಗೆ ಕೊಡಿ, ಅಥವಾ ಅಕ್ಷಾಂಶ ರೇಖಾಂಶವನ್ನೇ ಕೊಡಿ.

ಸೊನ್ನೆ ಹಾರಿಹೋದಾಗ

ಇದು ಚಿಕ್ಕ ವಿಷಯ, ಆದರೆ ನಮ್ಮ ಕಡೆ ಜಾಸ್ತಿ ಕಚ್ಚುತ್ತದೆ. ತೆರಿಗೆಗೆ ಸರಕನ್ನು ಗುರುತಿಸುವ ಕೋಡ್ ಇರುತ್ತದಲ್ಲ, ಅಡಿಕೆಯ ಎಚ್‌ಎಸ್‌ಎನ್ ಕೋಡ್ 0802, ಗೋಡಂಬಿಯದು 0801. ಕಾಲಂ ಸಂಖ್ಯೆ ಅಂತ ಆದರೆ 802, 801 ಆಗಿ ಕೂರುತ್ತವೆ, ತೆರಿಗೆ ದರದ ಪಟ್ಟಿಗೆ ಹೊಂದುವುದಿಲ್ಲ. ಮಂಗಳೂರಿನ 0824, ಉಡುಪಿಯ 0820 ಫೋನ್ ಕೋಡ್‌ಗೂ ಅದೇ ಗತಿ. ಬ್ಯಾಂಕ್ ಖಾತೆ ನಂಬರ್ ಇನ್ನೂ ಅಪಾಯ, ಎಕ್ಸೆಲ್ 15 ಅಂಕಿಗಿಂತ ಆಚೆಗೆ ನೆನಪಿಡುವುದಿಲ್ಲ, ಉಳಿದದ್ದಕ್ಕೆ ಸೊನ್ನೆ ಹಾಕುತ್ತದೆ. ಕೂಡಿಸಿ ಕಳೆಯದ ನಂಬರ್ ಯಾವುದಿದ್ದರೂ ಟೆಕ್ಸ್ಟ್ ಮಾಡಿ. ಇದನ್ನೂ ಮೊದಲ ಚೇಂಜ್ಡ್ ಟೈಪ್‌ನಲ್ಲೇ ಸರಿಪಡಿಸಬೇಕು, ಆಮೇಲೆ ಟೆಕ್ಸ್ಟ್ ಮಾಡಿದರೆ ಹೋದ ಸೊನ್ನೆ ವಾಪಸ್ ಬರುವುದಿಲ್ಲ.

ಕಾಲಂ ಮೇಲ್ಗಡೆ ಎರರ್ 0% ಅಂತ ತೋರಿಸುತ್ತದಲ್ಲ, ಅದನ್ನು ನಂಬುವ ಮೊದಲು ಕಿಟಕಿಯ ಕೆಳಗಿನ ಪಟ್ಟಿ ನೋಡಿ. ಮೊದಲ 1,000 ಸಾಲು ನೋಡಿ ಹೇಳಿದ್ದು ಅಂತ ಅಲ್ಲಿ ಬರೆದಿರುತ್ತದೆ. ಅದರ ಮೇಲೆ ಕ್ಲಿಕ್ ಮಾಡಿ ಪೂರ್ತಿ ಡೇಟಾ ಅಂತ ಬದಲಿಸಿ.

ನನ್ನಲ್ಲಿ ಸರಿ ಇದೆ, ಮೊಬೈಲಿನಲ್ಲಿ ತಪ್ಪು

ಮಲ್ಪೆಯಲ್ಲಿ ಮೀನಿನ ವ್ಯಾಪಾರದವರಿಗೆ ರಿಪೋರ್ಟ್ ಮಾಡಿಕೊಡುವ ಗೆಳೆಯ ಒಬ್ಬ ಇದ್ದಾನೆ. ಅವರು ಬೆಳಗ್ಗೆ 5ಕ್ಕೆ ಧಕ್ಕೆಯಲ್ಲಿ ನಿಂತು ಫೋನ್ ನೋಡಿದರೆ ಇವತ್ತು ಅನ್ನುವ ಜಾಗದಲ್ಲಿ ನಿನ್ನೆಯ ಬಂಗುಡೆ, ನಿನ್ನೆಯ ಬೂತಾಯಿ. ಎಂಟು ಗಂಟೆಗೆ ಇವನು ಎದ್ದು ನೋಡಿದರೆ ಎಲ್ಲ ಸರಿ. ಒಂದು ವಾರ ಒಬ್ಬರು ಇನ್ನೊಬ್ಬರನ್ನು ನಂಬಲಿಲ್ಲ.

ಪವರ್ ಬಿಐ ಕ್ಲೌಡ್‌ನ ಗಡಿಯಾರ ಯುಟಿಸಿ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಪ್ರಮಾಣ ಸಮಯ. ನಮ್ಮದು ಅದಕ್ಕಿಂತ ಐದೂವರೆ ಗಂಟೆ ಮುಂದೆ. ಹಾಗಾಗಿ ನಮ್ಮಲ್ಲಿ ಬೆಳಗ್ಗೆ 5:30 ಆಗುವ ತನಕ ಅದಕ್ಕೆ ನಿನ್ನೆಯೇ. ಲ್ಯಾಪ್‌ಟಾಪ್‌ನಲ್ಲಿ ಲೋಕಲ್ ನೌ ಅಂದರೆ ನಮ್ಮ ಸಮಯ, ಕ್ಲೌಡ್‌ನಲ್ಲಿ ಅದೇ ಮಾತಿಗೆ ಯುಟಿಸಿ. ಮೆಷರ್‌ನಲ್ಲಿ ಟುಡೇ ಬರೆದರೂ ಅಷ್ಟೇ. ಎರಡು ಕಡೆಯೂ ಯುಟಿಸಿ ಸಮಯ ತೆಗೆದುಕೊಂಡು ಐದೂವರೆ ಗಂಟೆ ಕೂಡಿಸುವುದು ಸರಿಯಾದ ದಾರಿ. ಇನ್ನೊಂದು ಮಾತು, ಇವತ್ತು ಅನ್ನುವುದನ್ನು ಪವರ್ ಕ್ವೆರಿಯಲ್ಲಿ ಲೆಕ್ಕ ಹಾಕಿದರೆ ಅದು ರಿಫ್ರೆಶ್ ಆದ ಹೊತ್ತಿಗೆ ಗಟ್ಟಿಯಾಗುತ್ತದೆ. ಮೆಷರ್‌ನಲ್ಲಿ ಹಾಕಿದರೆ ನೋಡುವ ಹೊತ್ತಿಗೆ ಹೊಸದಾಗಿ ಲೆಕ್ಕವಾಗುತ್ತದೆ. ಧಕ್ಕೆಯಲ್ಲಿ ನಿಂತವರಿಗೆ ಬೇಕಾದದ್ದು ಎರಡನೆಯದು.

ಅವನಿಗೇ ಬಂದ ಇನ್ನೊಂದು ದೂರು, ಜೂನ್ ಜುಲೈನಲ್ಲೂ ಮೀನು ಬಂದ ಹಾಗೆ ಚಾರ್ಟ್ ತೋರಿಸುತ್ತದೆ ಅಂತ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ನಿಷೇಧ. ಡೇಟಾದಲ್ಲಿ ಆ ದಿನಗಳೇ ಇಲ್ಲ. ಲೈನ್ ಚಾರ್ಟ್ ಮೇ 31ರ ಚುಕ್ಕಿಯಿಂದ ಆಗಸ್ಟ್ 1ಕ್ಕೆ ಸೀದಾ ಗೆರೆ ಎಳೆದುಬಿಟ್ಟಿತ್ತು. ಬೇರೆ ತಾರೀಕಿನ ಟೇಬಲ್ ಮಾಡಿ, ಇಲ್ಲದ ದಿನಕ್ಕೆ ಮೆಷರ್ ಸೊನ್ನೆ ಕೊಡುವ ಹಾಗೆ ಮಾಡಿದ. ಬಾರ್ ಚಾರ್ಟ್ ಹಾಕಿದ್ದರೂ ಆಗುತ್ತಿತ್ತು.

ರಿಫ್ರೆಶ್ ಆಗುವುದೇ ಇಲ್ಲ ಅಂದರೆ ಮೊದಲು ಫೈಲ್ ಎಲ್ಲಿದೆ ನೋಡಿ. ನಿಮ್ಮ ಡಿ ಡ್ರೈವಿನಲ್ಲಿದ್ದರೆ ಕ್ಲೌಡ್‌ಗೆ ಅದು ಕಾಣುವುದು ನಿಮ್ಮ ಕಂಪ್ಯೂಟರನ್ನು ಕ್ಲೌಡ್ ಜೊತೆ ಜೋಡಿಸುವ ಗೇಟ್‌ವೇ ಹಾಕಿದರೆ ಮಾತ್ರ, ಅದೂ ಆ ಕಂಪ್ಯೂಟರ್ ಆನ್ ಇದ್ದಾಗ. ನಾಲ್ಕು ಸಲ ಸತತವಾಗಿ ಫೇಲ್ ಆದರೆ ಪವರ್ ಬಿಐ ಶೆಡ್ಯೂಲನ್ನೇ ನಿಲ್ಲಿಸುತ್ತದೆ, ಮಳೆಗಾಲದಲ್ಲಿ ರಾತ್ರಿ ಕರೆಂಟ್ ಕೈಕೊಟ್ಟರೆ ಹೀಗಾಗುವುದು ಸುಲಭ. ಗೇಟ್‌ವೇ ಸರಿಯಾದ ಮೇಲೆ ಶೆಡ್ಯೂಲ್ ಮತ್ತೆ ನೀವೇ ಆನ್ ಮಾಡಬೇಕು. ಪವರ್ ಬಿಐ ಥರದ್ದೇ ಆದ ಟ್ಯಾಬ್ಲೋ ಬಳಸುವವರಿಗೆ ಇದರ ಇನ್ನೊಂದು ರೂಪ ಎದುರಾಗುತ್ತದೆ. ಟ್ಯಾಬ್ಲೋ ಪ್ರೆಪ್‌ನಲ್ಲಿ ಎಲ್ಲ ಸರಿಮಾಡಿ ಸೇವ್ ಮಾಡಿರುತ್ತೀರಿ, ಫ್ಲೋ ರನ್ ಮಾಡಿರುವುದಿಲ್ಲ, ಚಾರ್ಟ್ ಹಿಂದೆ ಬರೆದಿಟ್ಟ ಹಳೆಯ ಡೇಟಾದ ಹೈಪರ್ ಫೈಲನ್ನೇ ಓದುತ್ತಾ ಕೂತಿರುತ್ತದೆ.

ಫೋಲ್ಡರ್‌ನಿಂದ ಎಲ್ಲ ಫೈಲ್ ಒಟ್ಟು ಮಾಡುವವರು ಗಮನಿಸಿ, ಯಾರಾದರೂ ಎಕ್ಸೆಲ್ ಫೈಲ್ ತೆರೆದಿಟ್ಟಿದ್ದರೆ ಅದೇ ಫೋಲ್ಡರ್‌ನಲ್ಲಿ ~$ ಅಂತ ಶುರುವಾಗುವ ಅಡಗಿದ ಫೈಲ್ ಒಂದು ಹುಟ್ಟುತ್ತದೆ. ಪವರ್ ಕ್ವೆರಿ ಅದನ್ನೂ ಓದಲು ಹೋಗಿ ಫೈಲಿನ ಸ್ವರೂಪ ಸರಿಯಿಲ್ಲ ಅಂತ ಬೀಳುತ್ತದೆ. ಹೆಸರು ~$ ಇಂದ ಶುರುವಾಗುವುದನ್ನು ಬಿಡು ಅಂತ ಒಂದು ಫಿಲ್ಟರ್ ಸಾಕು.

ಕೊನೆಗೆ ನಮ್ಮ ಉಡುಪಿ. ತಾರೀಕು ಸರಿಮಾಡಿ, ರಿಮೂವ್ಡ್ ಎರರ್ಸ್ ಕಿತ್ತು ಹಾಕಿ, ಸಂಜೆ ರಿಪೋರ್ಟ್ ಮತ್ತೆ ಹಾಕಿದೆ. 1187 ಜೂನ್ 5ರಲ್ಲಿ ಕೂತಿತ್ತು. ಮೊದಲ ಪುಟದ ಮೂಲೆಯಲ್ಲಿ ಮೂರು ಚಿಕ್ಕ ಅಂಕಿ ಸೇರಿಸಿದೆ. ಮೂಲ ಫೈಲುಗಳಲ್ಲಿ ಎಷ್ಟು ಸಾಲು, ಮಾಡೆಲ್‌ನಲ್ಲಿ ಎಷ್ಟು ಸಾಲು, ಕೊನೆಯ ರಿಫ್ರೆಶ್ ಯಾವಾಗ. ಅಣ್ಣ ಈಗ ಚಾರ್ಟ್ ನೋಡುವುದಿಲ್ಲ, ಆ ಮೂರನ್ನೇ ನೋಡಿ ತಲೆಯಾಡಿಸುತ್ತಾರೆ.

ಸರಿಯಾಯ್ತು ಅಂತ ಹೇಳಲು ಉಡುಪಿಗೆ ಫೋನ್ ಮಾಡಿದೆ. ಅಲ್ಲಿಯ ಹುಡುಗ ಹೇಳಿದ: "ಆಗಸ್ಟಿಂದ ಸಾಫ್ಟ್‌ವೇರ್ ಅಪ್‌ಡೇಟ್ ಉಂಟಂತೆ. ಬಿಲ್ ಡೇಟ್ ಅಂತ ಇದ್ದ ಕಾಲಂ ಇನ್ನು ಇನ್‌ವಾಯ್ಸ್ ಡೇಟ್ ಅಂತ ಬರ್ತದೆ." ಕಾಲಂ ಸಿಗಲಿಲ್ಲ ಅನ್ನುವ ಎರರ್ ಈಗಲೇ ಕಣ್ಣ ಮುಂದೆ ಬಂತು. ರೀನೇಮ್ ಸ್ಟೆಪ್ ಹುಡುಕಿದೆ. ಅದರ ಕೊನೆಗೆ ಕಾಲಂ ಇಲ್ಲದಿದ್ದರೆ ಬಿಟ್ಟುಬಿಡು ಅನ್ನುವ ಮಿಸ್ಸಿಂಗ್ ಫೀಲ್ಡ್ ಇಗ್ನೋರ್ ಸೇರಿಸಿ, ಹಳೆಯದು ಬಂದರೂ ಹೊಸದು ಬಂದರೂ ತಾರೀಕು ಅಂತಲೇ ಹೆಸರು ಬೀಳುವ ಹಾಗೆ ಮಾಡಿ, ಫೈಲ್ ಸೇವ್ ಮಾಡಿ ಮನೆಗೆ ಹೊರಟೆ.